ಹೆರಿಗೆ ರಜೆ ಬೇರೆ, ಮಗು ಸಾಕುವ ರಜೆ ಬೇರೆ: ಸೈನಿಕ ಅಪ್ಪನಿಗೆ ಯಾಕೆ ಇಲ್ಲ?

ಬೆಳಗಿನ ಓದು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ತೀರ್ಪನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರ ಮಾರ್ಚ್ 22ರಂದು ಕೊಟ್ಟ ತೀರ್ಪು ಅದು. ಒಂದು ಕಡೆ ಕಾನ್‌ಸ್ಟಾಂಟಿನ್ ಮಾರ್ಕಿನ್ ಎಂಬ ಸೈನಿಕ, ಇನ್ನೊಂದು ಕಡೆ ರಷ್ಯಾ ಸರ್ಕಾರ.

ಕಥೆ ಹೀಗಿದೆ. ಮಾರ್ಕಿನ್ 2004ರಲ್ಲಿ ಕಾಂಟ್ರಾಕ್ಟ್‌ಗೆ ಸಹಿ ಹಾಕಿ ಸೇನೆ ಸೇರಿದರು. ಕೆಲಸ ರೇಡಿಯೋ ಗುಪ್ತಚರ ವಿಭಾಗದಲ್ಲಿ. 2005ರ ಸೆಪ್ಟೆಂಬರ್ 30ರಂದು ಅವರಿಗೆ ಮೂರನೇ ಮಗು ಹುಟ್ಟಿತು. ಅದೇ ದಿನ ಕೋರ್ಟು ಗಂಡ ಹೆಂಡತಿಗೆ ವಿಚ್ಛೇದನ ಕೊಟ್ಟಿತು. ಒಂದು ವಾರದಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡರು. ಮೂರೂ ಮಕ್ಕಳು ಅಪ್ಪನ ಹತ್ತಿರ, ಅಮ್ಮ ಜೀವನಾಂಶ ಕೊಡಬೇಕು. ಅಕ್ಟೋಬರ್ 11ಕ್ಕೆ ಮಾರ್ಕಿನ್ ಮೂರು ವರ್ಷದ ಮಗು ಪಾಲನೆ ರಜೆಗೆ ಅರ್ಜಿ ಹಾಕಿದರು. ಆ ರಜೆ ಇರುವುದು ಸೇನೆಯ ಹೆಣ್ಣುಮಕ್ಕಳಿಗೆ ಮಾತ್ರ ಎಂದು ಯೂನಿಟ್ ಮುಖ್ಯಸ್ಥರು ಹೇಳಿದರು. ಮೂರು ತಿಂಗಳ ರಜೆ ಕೊಟ್ಟರು. ಅದನ್ನೂ ಮುಗಿಯುವ ಮೊದಲೇ ಡ್ಯೂಟಿಗೆ ವಾಪಸ್ ಕರೆದರು.

ನನ್ನನ್ನು ತಡೆದು ನಿಲ್ಲಿಸಿದ ವಿಷಯ ಇದು. ಅದೇ ಯೂನಿಟ್‌ನಲ್ಲಿ ಅವರು ಮಾಡುತ್ತಿದ್ದಂಥ ಕೆಲಸವನ್ನೇ ಹೆಂಗಸರೂ ಮಾಡುತ್ತಿದ್ದರು. ಇವರ ಬದಲಿಗೆ ಅವರೇ ಕೂರುತ್ತಿದ್ದದ್ದೂ ಉಂಟು. ಪಕ್ಕದ ಕುರ್ಚಿಯ ಹೆಣ್ಣುಮಗಳು ಕೇಳಿದ್ದರೆ ಮೂರು ವರ್ಷ ಸಿಗುತ್ತಿತ್ತು. ಸೇನೆಯ ಹೊರಗೆ ಕೆಲಸ ಮಾಡುವ ರಷ್ಯಾದ ಗಂಡಸಿಗೂ ಸಿಗುತ್ತಿತ್ತು. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಅಪ್ಪ, ಅಜ್ಜಿ, ತಾತ ಯಾರು ಬೇಕಾದರೂ ಆ ರಜೆ ತಗೋಬಹುದು. ಯೂನಿಫಾರಂ ಹಾಕಿದ ಅಪ್ಪನಿಗೆ ಮಾತ್ರ ಇಲ್ಲ.

ಇದು ಲಿಂಗ ತಾರತಮ್ಯವೇ ಎಂದು ನಾನು ನಂಬುತ್ತೇನೆ. ನೀವೇನು ಹೇಳುತ್ತೀರಿ?

ಮಾಜಿ ಸಿಪಾಯಿ

ಬರೆದದ್ದು ಚೆನ್ನಾಗಿದೆ. ಆದರೆ ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದವನು ನಾನು. ಅದರಲ್ಲಿ ಹದಿನಾಲ್ಕು ವರ್ಷ ಸಿಗ್ನಲ್ ಕೆಲಸ. ಒಬ್ಬ ರಜೆ ಹೋದರೆ ಅವನ ರಾತ್ರಿ ಡ್ಯೂಟಿ ಉಳಿದವರ ಹೆಗಲಿಗೆ ಬೀಳುತ್ತದೆ. ನಾಲ್ಕು ಜನ ಮಾಡುವ ಕೆಲಸ ಮೂರು ಜನ ಮಾಡಬೇಕು. ಹಾಗೆ ನಿದ್ದೆಗೆಟ್ಟವನು ರೇಡಿಯೋ ಸೆಟ್ ಮುಂದೆ ಕೂತರೆ ಒಂದು ಸಂದೇಶ ತಪ್ಪುತ್ತದೆ. ಆ ಒಂದು ಸಂದೇಶದ ಬೆಲೆ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಸೇನೆಯಲ್ಲಿ ಹೆಂಗಸರು ಕಡಿಮೆ. ಅವರಲ್ಲಿ ಕೆಲವರು ಮೂರು ವರ್ಷ ಹೋದರೂ ಸುಧಾರಿಸಬಹುದು. ಗಂಡಸರಿಗೆಲ್ಲ ಬಾಗಿಲು ತೆರೆದರೆ ಯೂನಿಟ್‌ನಲ್ಲಿ ಯಾರು ಉಳಿಯುತ್ತಾರೆ? ಇನ್ನೊಂದು ಮಾತು. ಮಾರ್ಕಿನ್ ಕಾಂಟ್ರಾಕ್ಟ್‌ಗೆ ತಾನೇ ಸಹಿ ಹಾಕಿದವರು. ಯಾರೂ ಬಲವಂತ ಮಾಡಿರಲಿಲ್ಲ. ಸೇನೆ ಅಂದರೆ ಏನು ಅಂತ ತಿಳಿದೇ ಸೇರುತ್ತೇವೆ ಅಲ್ವಾ?

ಕರಿಕೋಟು

ಸಿಪಾಯಿ ಸರ್, ನೀವು ಹೇಳಿದ ಎರಡೂ ವಾದ ಆ ಕೇಸಿನಲ್ಲಿ ಬಂದಿವೆ. 2009ರ ಜನವರಿ 15ರಂದು ರಷ್ಯಾದ ಸಂವಿಧಾನ ನ್ಯಾಯಾಲಯ ಹೆಚ್ಚು ಕಡಿಮೆ ಇದನ್ನೇ ಹೇಳಿತು. ಸೇನೆ ವಿಶೇಷವಾದ ಸೇವೆ. ಸೇರುವುದು ಸ್ವಂತ ಇಚ್ಛೆಯಿಂದ. ಹೆಂಗಸರಿಗೆ ಕೊಟ್ಟಿರುವುದು ಅಪವಾದ, ಯಾಕೆಂದರೆ ಸೇನೆಯಲ್ಲಿ ಅವರ ಸಂಖ್ಯೆ ಕಡಿಮೆ ಮತ್ತು ತಾಯ್ತನಕ್ಕೆ ಸಮಾಜದಲ್ಲಿ ವಿಶೇಷ ಸ್ಥಾನ ಇದೆ. ಮಗು ನೋಡಿಕೊಳ್ಳಬೇಕು ಅನಿಸಿದ ಗಂಡಸು ಸೇವೆ ಬಿಟ್ಟು ಹೋಗಬಹುದು ಎಂದೂ ಹೇಳಿತು.

ಸ್ಟ್ರಾಸ್‌ಬರ್ಗ್ ನ್ಯಾಯಾಧೀಶರು ಸೇನೆಯ ಕಷ್ಟವನ್ನು ಹಗುರವಾಗಿ ನೋಡಲಿಲ್ಲ. ಸೇನೆಯ ತಯಾರಿಗೆ ಧಕ್ಕೆ ಆಗುವಂತಿದ್ದರೆ ರಜೆಗೆ ಮಿತಿ ಹಾಕಬಹುದು ಎಂದು ಒಪ್ಪಿಕೊಂಡರು. ಆಮೇಲೆ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು. ಧಕ್ಕೆ ಆಗುತ್ತದೆ ಅನ್ನುವುದಕ್ಕೆ ಲೆಕ್ಕ ಎಲ್ಲಿದೆ? ಎಷ್ಟು ಗಂಡಸರು ಈ ರಜೆ ಕೇಳುವ ಸ್ಥಿತಿಯಲ್ಲಿದ್ದಾರೆ, ಎಷ್ಟು ಜನ ನಿಜವಾಗಿ ತಗೊಳ್ಳುತ್ತಾರೆ ಎಂದು ಯಾರಾದರೂ ಅಧ್ಯಯನ ಮಾಡಿದ್ದಾರಾ? ಮಾಡಿರಲಿಲ್ಲ. ಸೈನಿಕರೆಲ್ಲ ಮಕ್ಕಳಾಗುವ ವಯಸ್ಸಿನವರು ಎಂದಷ್ಟೇ ಸರ್ಕಾರ ಹೇಳಿತು. ಅದು ಸಾಲುವುದಿಲ್ಲ ಎಂದರು.

ನೀವು ಹೇಳಿದ ರೇಡಿಯೋ ಸೆಟ್‌ನ ಚಿಂತೆಗೂ ತೀರ್ಪಿನಲ್ಲಿ ಜಾಗ ಇದೆ. ಮೇಲಿನ ಹುದ್ದೆಯಲ್ಲಿರುವವರು, ಅಪರೂಪದ ತಾಂತ್ರಿಕ ಪರಿಣತಿ ಇರುವವರು, ಕಾರ್ಯಾಚರಣೆಯಲ್ಲಿ ತೊಡಗಿರುವವರು, ಇಂಥವರ ಬದಲಿಗೆ ಇನ್ನೊಬ್ಬರು ಬೇಗ ಸಿಗುವುದಿಲ್ಲ. ಅಂಥವರಿಗೆ ರಜೆ ಇಲ್ಲ ಅನ್ನಬಹುದು. ಆದರೆ ಅದು ಗಂಡಸಿಗೂ ಒಂದೇ, ಹೆಂಗಸಿಗೂ ಒಂದೇ. ಅಳತೆ ಕೆಲಸದ್ದು, ದೇಹದ್ದಲ್ಲ. ರಷ್ಯಾದ ಕಾನೂನು ಹಾಗೆ ಅಳೆಯಲೇ ಇಲ್ಲ. ಹುದ್ದೆ ಯಾವುದು, ಬದಲಿ ಜನ ಇದ್ದಾರಾ, ಮನೆಯಲ್ಲಿ ಏನು ಪರಿಸ್ಥಿತಿ, ಏನನ್ನೂ ನೋಡದೆ ಗಂಡಸು ಅನ್ನುವ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿತು.

ಸಹಿ ಹಾಕಿದ್ದರ ಬಗ್ಗೆಯೂ ಹೇಳುತ್ತೇನೆ. ಲಿಂಗದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ ಹಕ್ಕನ್ನು ಯಾರೂ ಬರೆದು ಬಿಟ್ಟುಕೊಡಲು ಆಗುವುದಿಲ್ಲ ಎಂದು ತೀರ್ಪು ಸ್ಪಷ್ಟವಾಗಿ ಹೇಳುತ್ತದೆ. ಈ ನ್ಯಾಯಾಲಯ ಕಾಯುವುದು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯನ್ನು. ಅದರ ಹಕ್ಕುಗಳು ಸೈನಿಕರಿಗೂ ಅನ್ವಯಿಸುತ್ತವೆ ಅನ್ನುವುದಂತೂ ಹಳೆಯ ಮಾತು. 1976ರಲ್ಲಿ ನೆದರ್ಲೆಂಡ್ಸ್ ಸೈನಿಕರ ಎಂಗೆಲ್ ಕೇಸಿನಲ್ಲೇ ಅದು ತೀರ್ಮಾನ ಆಗಿತ್ತು.

ಹಸಿರು ಬಾಗಿಲು

ನನಗೆ ಒಂದು ಭಯ ಇದೆ, ಬಿಚ್ಚಿ ಹೇಳುತ್ತೇನೆ. ಹೆಂಗಸರಿಗೆ ಈ ರಜೆ ಸುಮ್ನೆ ಸಿಕ್ಕಿದ್ದಲ್ಲ. ಎಷ್ಟೋ ಜನ ಹೋರಾಡಿ ತಂದದ್ದು. ಹೆತ್ತವಳ ಮೈ ಸುಧಾರಿಸಿಕೊಳ್ಳಬೇಕು, ಎದೆಹಾಲು ಕುಡಿಸಬೇಕು. ಗಂಡಸರಿಗೂ ಇಲ್ಲ ಅನ್ನುವುದು ತಾರತಮ್ಯ ಅಂತಾದರೆ, ಒಂದು ದಿನ ಯಾರೋ ಬಂದು "ಹಾಗಾದರೆ ಇಬ್ಬರಿಗೂ ಬೇಡ" ಅಂದುಬಿಟ್ಟರೆ? ಸಮಾನತೆ ಹೆಸರಿನಲ್ಲಿ ಕಿತ್ತುಕೊಂಡದ್ದನ್ನು ನಾವು ನೋಡಿಲ್ಲವಾ?

ಬೆಳಗಿನ ಓದು

ಅಕ್ಕ, ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಚರ್ಚೆಗೆ ಆ ಶೀರ್ಷಿಕೆ ಇಟ್ಟಿದ್ದೇ ಇದಕ್ಕಾಗಿ.

ಹೆರಿಗೆ ರಜೆ ದೇಹಕ್ಕೆ ಸಂಬಂಧಪಟ್ಟದ್ದು. ಬಸುರಿ, ಹೆರಿಗೆ, ಬಾಣಂತಿಯ ಆರೋಗ್ಯ, ಹಾಲೂಡಿಸುವುದು. ಅದರಲ್ಲಿ ಗಂಡಸು ಹೆಂಗಸಿಗೆ ಸಮ ಅಲ್ಲ, ಸಮ ಎಂದು ಮಾರ್ಕಿನ್ ಕೇಳಲೂ ಇಲ್ಲ. ಹೆಂಗಸರ ಮೇಲಿನ ತಾರತಮ್ಯ ತೊಡೆದುಹಾಕುವ ವಿಶ್ವಸಂಸ್ಥೆಯ 1979ರ ಒಡಂಬಡಿಕೆ ಇದೆಯಲ್ಲ, ಅದರ 4ನೇ ಕಲಮು ತಾಯ್ತನವನ್ನು ಕಾಪಾಡುವ ಏರ್ಪಾಡು ತಾರತಮ್ಯ ಅಲ್ಲ ಎಂದೇ ಹೇಳುತ್ತದೆ. ಆ ರಜೆಯನ್ನು ಯಾರೂ ಮುಟ್ಟುವುದಿಲ್ಲ.

ಮಗು ಪಾಲನೆ ರಜೆ ಅದಾದ ಮೇಲೆ ಬರುವುದು. ಎರಡು ವರ್ಷದ ಮಗುವಿಗೆ ಊಟ ಮಾಡಿಸುವುದು, ಜ್ವರ ಬಂದಾಗ ರಾತ್ರಿ ಎದ್ದು ಕೂರುವುದು, ನಡೆಯಲು ಕಲಿಯುವಾಗ ಹಿಂದೆ ಹಿಂದೆ ಓಡುವುದು. ಇದರಲ್ಲಿ ಅಪ್ಪನಿಗೆ ಆಗದ್ದು ಏನಿದೆ? ನ್ಯಾಯಾಲಯವೂ ಇದನ್ನೇ ಹೇಳಿತು. ಈ ರಜೆಯ ವಿಷಯದಲ್ಲಿ ಅಪ್ಪ ಅಮ್ಮ ಇಬ್ಬರೂ ಒಂದೇ ಸ್ಥಾನದಲ್ಲಿದ್ದಾರೆ. ಅದೇ ಒಡಂಬಡಿಕೆಯ 5ನೇ ಕಲಮಿನಲ್ಲೂ ಮಕ್ಕಳನ್ನು ಬೆಳೆಸುವುದು ಇಬ್ಬರ ಜವಾಬ್ದಾರಿ ಎಂದಿದೆ.

ರಷ್ಯಾ ಸರ್ಕಾರ ಇದನ್ನು ಹೆಂಗಸರಿಗೆ ಕೊಟ್ಟ ವಿಶೇಷ ಸವಲತ್ತು ಎಂದು ಕರೆಯಿತು. ಹಿಂದುಳಿದವರನ್ನು ಮೇಲೆತ್ತುವ ಕ್ರಮ ಎಂದಿತು. ನ್ಯಾಯಾಧೀಶರು ಒಪ್ಪಲಿಲ್ಲ. ಈ ನಿಯಮ ಹೆಂಗಸರ ಯಾವ ಕೊರತೆಯನ್ನೂ ತುಂಬುವುದಿಲ್ಲ, ಮಗು ಸಾಕುವುದು ಹೆಣ್ಣಿನ ಕೆಲಸ, ದುಡಿದು ತರುವುದು ಗಂಡಿನ ಕೆಲಸ ಅನ್ನುವ ಹಳೇ ನಂಬಿಕೆಯನ್ನು ಗಟ್ಟಿ ಮಾಡುತ್ತದೆ ಎಂದರು. ಅದರಿಂದ ಹೆಣ್ಣಿನ ನೌಕರಿಗೂ ಪೆಟ್ಟು, ಗಂಡಿನ ಸಂಸಾರಕ್ಕೂ ಪೆಟ್ಟು. ನನಗೆ ಇಡೀ ತೀರ್ಪಿನಲ್ಲಿ ತುಂಬಾ ಮುಖ್ಯ ಅನಿಸಿದ್ದು ಇದೇ. ಮಾರ್ಕಿನ್ ಗೆದ್ದದ್ದು ಹೆಂಗಸರ ವಿರುದ್ಧ ಅಲ್ಲವೇ ಅಲ್ಲ ಅಕ್ಕ.

ಹಸಿರು ಬಾಗಿಲು

ಈಗ ಅರ್ಥ ಆಯಿತು. ನನ್ನದೇ ಒಂದು ಅನುಭವ ನೆನಪಾಯಿತು. ಕೆಲಸದ ಸಂದರ್ಶನವೊಂದರಲ್ಲಿ ನನ್ನನ್ನು "ಮಕ್ಕಳ ಯೋಚನೆ ಇದೆಯಾ" ಎಂದು ಕೇಳಿದ್ದರು. ನನ್ನ ಮುಂದೆ ಒಳಗೆ ಹೋಗಿ ಬಂದ ಹುಡುಗನಿಗೆ ಆ ಪ್ರಶ್ನೆ ಇರಲಿಲ್ಲ, ಅವನೇ ಹೇಳಿದ. ರಜೆ ಹೆಂಗಸಿಗೆ ಮಾತ್ರ ಅಂತಿದ್ದರೆ ಹೆಂಗಸನ್ನು ತಗೊಂಡರೆ ನಷ್ಟ ಎಂದು ಮೇಲಿನವರು ಲೆಕ್ಕ ಹಾಕುತ್ತಾರೆ. ಇಬ್ಬರೂ ತಗೊಳ್ಳುವಂತಾದರೆ ಆ ಲೆಕ್ಕ ನಿಲ್ಲುವುದಿಲ್ಲ. ಸೇನೆಯಲ್ಲಿ ಬಡ್ತಿಗೂ ಇದೇ ಲೆಕ್ಕ ಬೀಳುತ್ತದೆ ಅಂತ ಕಾಣುತ್ತದೆ.

ಪ್ರಶ್ನೆಗಾರ

ಎಲ್ಲ ಸರಿ. ಮಾರ್ಕಿನ್ ಬಗ್ಗೆ ಹೇಳದೆ ಬಿಟ್ಟದ್ದೂ ಇದೆ, ಅದನ್ನು ಇಲ್ಲಿ ಇಡಬೇಕು. ಅವರಿಗೆ ಕೊನೆಗೆ ರಜೆ ಸಿಕ್ಕಿತ್ತು. 2006ರ ಅಕ್ಟೋಬರ್‌ನಲ್ಲಿ ಯೂನಿಟ್ ಮುಖ್ಯಸ್ಥರು 2008ರ ಸೆಪ್ಟೆಂಬರ್ 30ರವರೆಗೆ ರಜೆ ಕೊಟ್ಟರು. ಜೊತೆಗೆ 2,00,000 ರೂಬಲ್ ನೆರವೂ ಕೊಟ್ಟರು. ಇನ್ನೊಂದು, 2008ರಲ್ಲಿ ಅವರು ಅದೇ ಹೆಂಡತಿಯನ್ನು ಮತ್ತೆ ಮದುವೆಯಾದರು. ವಿಚ್ಛೇದನವೇ ನಾಟಕ ಎಂದು ಸರ್ಕಾರ ಹೇಳಿತು. ಹೀಗಿದ್ದರೆ ಇದನ್ನು ದೊಡ್ಡ ಹಕ್ಕಿನ ಕೇಸು ಎಂದು ಹೇಗೆ ನಂಬುವುದು?

ಕರಿಕೋಟು

ಕೇಳಬೇಕಾದ ಪ್ರಶ್ನೆ. ಮೊದಲು ರಜೆಯ ವಿಷಯ. ರಜೆ ಸಿಕ್ಕಿದ್ದು ನಿಜ, ಆದರೆ ಮನೆಯ ಕಷ್ಟ ನೋಡಿ ಕೊಟ್ಟ ಉಪಕಾರವಾಗಿ. ಅಷ್ಟರಲ್ಲಿ ಕೇಳಿ ಒಂದು ವರ್ಷ ಆಗಿತ್ತು. ಅದಕ್ಕೂ ಮೊದಲು 2006ರ ಮಾರ್ಚ್‌ನಲ್ಲಿ ಪುಷ್ಕಿನ್ ಎಂಬ ಊರಿನ ಗ್ಯಾರಿಸನ್‌ನ (ಸೇನಾ ನೆಲೆಯ) ಸೈನಿಕ ನ್ಯಾಯಾಲಯ ಅವರ ಅರ್ಜಿ ತಳ್ಳಿಹಾಕಿತ್ತು. ಏಪ್ರಿಲ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ರಜೆ ಕೊಟ್ಟ ಮೇಲೆ ಏನಾಯಿತು ಗೊತ್ತಾ? ಅದೇ ವರ್ಷ ಡಿಸೆಂಬರ್‌ನಲ್ಲಿ ಸೈನಿಕ ನ್ಯಾಯಾಲಯ ಯೂನಿಟ್ ಮುಖ್ಯಸ್ಥರನ್ನೇ ಟೀಕಿಸಿತು, ಕಾನೂನಿನಲ್ಲಿ ಇಲ್ಲದ ರಜೆ ಯಾಕೆ ಕೊಟ್ಟಿರಿ ಎಂದು. ಅಂದರೆ ತಪ್ಪಾಗಿದೆ ಎಂದು ಯಾರೂ ಒಪ್ಪಿರಲಿಲ್ಲ. ಉಪಕಾರ ಮಾಡಿ ಹಕ್ಕಿನ ಪ್ರಶ್ನೆ ಮುಚ್ಚಲು ಆಗುವುದಿಲ್ಲ ಎಂಬ ಅರ್ಥದಲ್ಲಿ ಸ್ಟ್ರಾಸ್‌ಬರ್ಗ್ ಆ ವಾದವನ್ನು ಬದಿಗಿಟ್ಟಿತು.

ಮದುವೆಯ ವಿಷಯ. ಅರ್ಜಿದಾರರು ವ್ಯವಸ್ಥೆಯನ್ನು ದುರುಪಯೋಗ ಮಾಡಿದ್ದಾರೆ ಎಂಬ ಆಕ್ಷೇಪವೂ ನಿಲ್ಲಲಿಲ್ಲ. ನನ್ನ ಅಭಿಪ್ರಾಯ ಹೇಳಲಾ? ಅವರು ವಿಚ್ಛೇದನ ಪಡೆಯದೇ ಇದ್ದಿದ್ದರೂ ಪ್ರಶ್ನೆ ಹಾಗೇ ಇರುತ್ತಿತ್ತು. ಸೇನೆಯ ಹೆಣ್ಣುಮಗಳು ರಜೆ ಕೇಳಿದಾಗ ನಿನ್ನ ಗಂಡ ಎಲ್ಲಿ, ಅವನು ಯಾಕೆ ನೋಡಿಕೊಳ್ಳುವುದಿಲ್ಲ ಎಂದು ಕಾನೂನು ಕೇಳುತ್ತಿರಲಿಲ್ಲ. ಗಂಡಸಿಗೆ ಮಾತ್ರ ತಾಯಿ ಇಲ್ಲ ಎಂದು ರುಜುವಾತು ಕೊಡು ಅನ್ನುತ್ತಿತ್ತು. ತಾಯಿ ತೀರಿಕೊಂಡಿದ್ದರೆ, ದೀರ್ಘ ಕಾಯಿಲೆಯಲ್ಲಿದ್ದರೆ, ಇಂಥದ್ದಕ್ಕೆ ಮಾತ್ರ ಮೂರು ತಿಂಗಳು. ಹೆಂಗಸರ ರಜೆ 1998ರ ಸೈನಿಕರ ಸ್ಥಾನಮಾನದ ಕಾನೂನಿನ 11ನೇ ಕಲಮಿನಲ್ಲಿದೆ, ಗಂಡಸಿನ ಈ ಮೂರು ತಿಂಗಳು 1999ರ ಸೇನಾ ಸೇವೆಯ ನಿಯಮಗಳಲ್ಲಿದೆ.

ಒಂದು ಕಹಿ ಸಂಗತಿಯೂ ಇದೆ. ಸ್ಟ್ರಾಸ್‌ಬರ್ಗ್‌ನಲ್ಲಿ ಈ ಕೇಸನ್ನು ಮೊದಲು ಚಿಕ್ಕ ಪೀಠ, ಆಮೇಲೆ ಹದಿನೇಳು ನ್ಯಾಯಾಧೀಶರ ದೊಡ್ಡ ಪೀಠ ಕೇಳಿತು. ದೊಡ್ಡ ಪೀಠದ ವಿಚಾರಣೆಗೆ ಮುಂಚೆ ಪ್ರಾಸಿಕ್ಯೂಟರ್ ಒಬ್ಬರು ಮಾರ್ಕಿನ್ ಮನೆಗೇ ಹೋಗಿ ಸಂಸಾರದ ಬಗ್ಗೆ ವಿಚಾರಿಸಿದರು. ಅರ್ಜಿ ಹಾಕುವ ಹಕ್ಕಿಗೆ ಅದರಿಂದ ಅಡ್ಡಿಯಾಯಿತು ಎಂದು ನ್ಯಾಯಾಲಯ ಹೇಳಲಿಲ್ಲ. ಆದರೆ ನನಗೆ ಅದು ಸರಿ ಕಾಣುವುದಿಲ್ಲ.

ಒಂಟಿ ಅಪ್ಪ

ಇಲ್ಲಿವರೆಗೆ ಓದುತ್ತಾ ಇದ್ದೆ. ಬರೆಯಬೇಕೋ ಬೇಡವೋ ಗೊತ್ತಾಗಲಿಲ್ಲ. ಬರೆಯುತ್ತೇನೆ.

ನಾನು ಯೂನಿಫಾರಂ ಕೆಲಸದವನು. ಮಗಳಿಗೆ ಹನ್ನೊಂದು ತಿಂಗಳಿದ್ದಾಗ ಹೆಂಡತಿ ತೀರಿಕೊಂಡಳು. ಹದಿನೈದು ದಿನ ರಜೆ ಸಿಕ್ಕಿತು, ಆಮೇಲೆ ಇನ್ನು ಒಂದು ತಿಂಗಳು. ಅದು ಮುಗಿಯುವ ಹೊತ್ತಿಗೆ ಮಗು ನನ್ನ ಎದೆ ಮೇಲೆ ಮಲಗಿದರೆ ಮಾತ್ರ ನಿದ್ದೆ ಮಾಡುತ್ತಿತ್ತು. ಇನ್ನೂ ರಜೆ ಬೇಕು ಎಂದು ಕೇಳಿದೆ. ಮೇಲಿನ ಅಧಿಕಾರಿ ಕೆಟ್ಟವರಲ್ಲ, ಕೂರಿಸಿ ಚೆನ್ನಾಗಿಯೇ ಮಾತಾಡಿದರು. "ಮನೆಯಲ್ಲಿ ಹೆಂಗಸರು ಯಾರೂ ಇಲ್ಲವಾ?" ಎಂದು ಕೇಳಿದರು. ಅಮ್ಮ ಇದ್ದಾರೆ, ಅವರಿಗೆ ಮಂಡಿ ನೋವು, ಮಗು ಎತ್ತಲು ಆಗುವುದಿಲ್ಲ ಎಂದೆ. "ಮತ್ತೆ ಮದುವೆ ಯೋಚನೆ ಮಾಡಿ" ಎಂದರು. ಹೆಂಡತಿ ಹೋಗಿ ಎರಡು ತಿಂಗಳೂ ಆಗಿರಲಿಲ್ಲ.

ಅವರಿಗೆ ನೋಯಿಸುವ ಉದ್ದೇಶ ಇರಲಿಲ್ಲ, ಅದು ನನಗೆ ಗೊತ್ತು. ಮಗುವಿಗೆ ಒಬ್ಬ ಹೆಂಗಸು ಬೇಕು, ನಾನು ಲೆಕ್ಕಕ್ಕಿಲ್ಲ ಎಂದು ಅವರು ನಂಬಿದ್ದರು. ನಾನು ಪಕ್ಕದಲ್ಲೇ ಇದ್ದರೂ ಮಗು ಅನಾಥ ಅನ್ನುವ ಹಾಗೆ. ಡ್ಯೂಟಿಗೆ ವಾಪಸ್ ಹೋದೆ. ಮಗಳು ಅತ್ತೆ ಮನೆಯಲ್ಲಿ ಬೆಳೆದಳು, ಒಂದೂವರೆ ವರ್ಷ. ರಜೆಯಲ್ಲಿ ಹೋದಾಗ ನನ್ನನ್ನು ನೋಡಿ ಅತ್ತೆಯ ಸೀರೆ ಹಿಂದೆ ಬಚ್ಚಿಟ್ಟುಕೊಂಡಳು. ಆ ದಿನ ರಾತ್ರಿ ನಾನು ಊಟ ಮಾಡಲಿಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಅದೇ ವರ್ಷ ಮಗುವಿಗಾಗಿ ರಜೆ ಹೋದರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಡ್ಯೂಟಿಯನ್ನು ನಾನೇ ಮಾಡಿದೆ, ಖುಷಿಯಿಂದ ಮಾಡಿದೆ. ನನ್ನದನ್ನು ಯಾರಾದರೂ ಮಾಡಬಹುದಿತ್ತು ಅನ್ನುವುದಷ್ಟೇ ನನ್ನ ನೋವು.

ಹಸಿರು ಬಾಗಿಲು

ಓದಿ ಕಣ್ಣು ತುಂಬಿತು ಅಣ್ಣ. ಮಗಳು ಈಗ ನಿಮ್ಮ ಹತ್ತಿರ ಇದ್ದಾಳಾ?

ಒಂಟಿ ಅಪ್ಪ

ಇದ್ದಾಳೆ ಅಕ್ಕ. ಈಗ ಆರು ವರ್ಷ. ಜಡೆ ಹಾಕಲು ಕಲಿತಿದ್ದೇನೆ.

ಮಾಜಿ ಸಿಪಾಯಿ

ತಮ್ಮಾ, ನಿನ್ನ ಬರಹ ಓದಿ ಒಂದು ದಿನ ಸುಮ್ಮನಿದ್ದೆ. ನಾನು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬರೆಯುವ ಜಾಗದಲ್ಲಿ ಕೂತಿದ್ದವನು. ಒಬ್ಬ ಹುಡುಗ ನನ್ನ ಹತ್ತಿರವೂ ಬಂದಿದ್ದ. ಅವಳಿ ಮಕ್ಕಳು, ಹೆಂಡತಿಗೆ ಕಾಯಿಲೆ. ಅವನ ಅರ್ಜಿಯನ್ನು ಮೇಲಕ್ಕೆ ಕಳಿಸಲೂ ಇಲ್ಲ ನಾನು. ಕಳಿಸಿದರೂ ಪ್ರಯೋಜನ ಇಲ್ಲ ಎಂದುಕೊಂಡೆ. ಅವನ ಕೆಲಸಕ್ಕೆ ಬದಲಿ ಇದ್ದರು, ಇಬ್ಬರು ಇದ್ದರು. ಇವತ್ತು ಒಪ್ಪಿಕೊಳ್ಳುತ್ತೇನೆ.

ಕಾರ್ಯಾಚರಣೆ ಇದ್ದಾಗ ರಜೆ ಇಲ್ಲ ಅನ್ನುವ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ಕರಿಕೋಟು ವಕೀಲರು ಹೇಳಿದ ಅಳತೆ ನನಗೆ ಸರಿ ಕಾಣುತ್ತದೆ. ಯಾರನ್ನು ಬಿಡಬಹುದು, ಯಾರನ್ನು ಬಿಡಲಾಗದು ಎಂದು ಪ್ರತಿ ಯೂನಿಟ್‌ನಲ್ಲೂ ನಮಗೆ ಗೊತ್ತಿರುತ್ತದೆ. ಕೋರ್ಸ್‌ಗೆ ಕಳಿಸುವಾಗ ಆರು ತಿಂಗಳು ಬಿಡುತ್ತೇವೆ, ಕಾಲು ಮುರಿದುಕೊಂಡರೆ ಬಿಡುತ್ತೇವೆ. ಆಗ ಯೂನಿಟ್ ನಿಂತು ಹೋಗುವುದಿಲ್ಲ.

ಪ್ರಶ್ನೆಗಾರ

ಕರಿಕೋಟು ಅವರೇ, ಇನ್ನೊಂದು ಗೊಂದಲ. ಇದೇ ನ್ಯಾಯಾಲಯ 1998ರಲ್ಲಿ ಆಸ್ಟ್ರಿಯಾದ ಪೆಟ್ರೋವಿಚ್ ಎಂಬ ಅಪ್ಪನಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತ್ತಲ್ಲ? ಕಾನೂನು ಅದೇ, ಉತ್ತರ ಬೇರೆ ಯಾಕೆ?

ಕರಿಕೋಟು

ಹೌದು. ಪೆಟ್ರೋವಿಚ್ ಓದುತ್ತಿದ್ದರು, ಹೆಂಡತಿ ಸರ್ಕಾರಿ ಕೆಲಸದಲ್ಲಿದ್ದರು. ಮಗು ನೋಡಿಕೊಳ್ಳಲು ಅಪ್ಪ ಮನೆಯಲ್ಲಿ ಉಳಿದರು. ಅದಕ್ಕೆ ಸಿಗುವ ಭತ್ಯೆ ಅಮ್ಮಂದಿರಿಗೆ ಮಾತ್ರ ಇತ್ತು. ಏಳು ನ್ಯಾಯಾಧೀಶರು ತಾರತಮ್ಯ ಅಲ್ಲ ಎಂದರು, ಇಬ್ಬರು ಹೌದು ಎಂದರು. 1980ರ ದಶಕದ ಕೊನೆಯಲ್ಲಿ ಯುರೋಪಿನ ದೇಶಗಳ ನಡುವೆ ಈ ವಿಷಯದಲ್ಲಿ ಒಮ್ಮತ ಇರಲಿಲ್ಲ ಎಂಬುದು ಅವರ ಕಾರಣ. 2012ರ ಹೊತ್ತಿಗೆ ಹೆಚ್ಚಿನ ದೇಶಗಳು ಅಪ್ಪನಿಗೂ ರಜೆ ಕೊಡುತ್ತಿದ್ದವು, ಸೈನಿಕರಿಗೂ ಕೊಡುವ ದೇಶಗಳು ಸಾಕಷ್ಟಿದ್ದವು. ಈ ಹಕ್ಕುಗಳನ್ನು ಇವತ್ತಿನ ಬದುಕಿಗೆ ತಕ್ಕಂತೆ ಓದಬೇಕು ಎಂಬುದು ಆ ನ್ಯಾಯಾಲಯದ ಹಳೆಯ ರೂಢಿ. ಹಾಗಾಗಿ ಯುರೋಪಿನ ಒಡಂಬಡಿಕೆಯ 14ನೇ ಮತ್ತು 8ನೇ ಕಲಮು, ಅಂದರೆ ತಾರತಮ್ಯ ಮಾಡದಿರುವುದು ಮತ್ತು ಕೌಟುಂಬಿಕ ಬದುಕು, ಎರಡನ್ನೂ ಸೇರಿಸಿ ಓದಿ ಉಲ್ಲಂಘನೆ ಆಗಿದೆ ಎಂದರು. ಹದಿನೇಳರಲ್ಲಿ ಹದಿನಾರು ಜನ ಒಪ್ಪಿದರು. ಮಾರ್ಕಿನ್‌ಗೆ ಪರಿಹಾರ 3,000 ಯೂರೋ, ಕೇಸಿನ ಖರ್ಚಿಗೆ 3,150 ಯೂರೋ.

ಆಮೇಲಿನ ಹಾದಿ ಸುಗಮವಾಗಿರಲಿಲ್ಲ. 2010ರಲ್ಲಿ ಚಿಕ್ಕ ಪೀಠದ ತೀರ್ಪು ಬಂದಾಗಲೇ ರಷ್ಯಾದ ಸಂವಿಧಾನ ನ್ಯಾಯಾಲಯದ ಅಧ್ಯಕ್ಷ ವಲೇರಿ ಜೋರ್ಕಿನ್ ಪತ್ರಿಕೆಯಲ್ಲಿ ಖಾರವಾಗಿ ಬರೆದಿದ್ದರು. ಮಾರ್ಕಿನ್ ತಮ್ಮ ದೇಶದಲ್ಲಿ ಕೇಸು ಮತ್ತೆ ತೆರೆಯಲು ಹೊರಟಾಗ ಆ ಪ್ರಶ್ನೆ 2013ರಲ್ಲಿ ಮತ್ತೆ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ಒಬ್ಬ ಅಪ್ಪನ ರಜೆ ಅರ್ಜಿ, ಸ್ಟ್ರಾಸ್‌ಬರ್ಗ್ ಮತ್ತು ರಷ್ಯಾದ ಸಂವಿಧಾನ ನ್ಯಾಯಾಲಯ, ಇಬ್ಬರಲ್ಲಿ ಯಾರ ಮಾತು ಮೇಲು ಅನ್ನುವ ಜಗಳವಾಗಿ ಬೆಳೆಯಿತು. 2022ರ ಸೆಪ್ಟೆಂಬರ್ 16ಕ್ಕೆ ರಷ್ಯಾ ಯುರೋಪಿನ ಆ ಮಾನವ ಹಕ್ಕುಗಳ ಒಡಂಬಡಿಕೆಯಿಂದಲೇ ಹೊರಗಾಯಿತು. ಅದಕ್ಕೆ ಕಾರಣ ಯುಕ್ರೇನ್ ಯುದ್ಧ, ಈ ಕೇಸಲ್ಲ.

ಆದರೆ ತೀರ್ಪು ಬೇರೆಯವರಿಗೆ ಕೆಲಸಕ್ಕೆ ಬಂತು. 2012ರಲ್ಲೇ ರೊಮೇನಿಯಾದ ಸೈನಿಕ ಹುಲಿಯಾ ಇಂಥದ್ದೇ ಕೇಸು ಗೆದ್ದರು. 2021ರಲ್ಲಿ ಗ್ರೂಬಾ ಮತ್ತು ಇತರರು ಎಂಬ ಕೇಸಿನಲ್ಲಿ ರಷ್ಯಾದ ಪೊಲೀಸ್ ಅಪ್ಪಂದಿರು ಗೆದ್ದರು. ಅಲ್ಲೂ ಮಗುವಿಗೆ ತಾಯಿಯ ಆರೈಕೆ ಇಲ್ಲ ಎಂದು ಗಂಡಸರು ಮಾತ್ರ ತೋರಿಸಬೇಕಿತ್ತು.

ಒಂಟಿ ಅಪ್ಪ

ಗೆದ್ದವರ ಮಕ್ಕಳು ಅಷ್ಟು ಹೊತ್ತಿಗೆ ದೊಡ್ಡವರಾಗಿರುತ್ತಾರೆ ಅಲ್ವಾ ಸರ್? ಮಾರ್ಕಿನ್ ಅವರ ಮೂರನೇ ಮಗುವಿಗೆ ತೀರ್ಪಿನ ದಿನ ಆರೂವರೆ ವರ್ಷ ಆಗಿತ್ತು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡದು.

ಕರಿಕೋಟು

ಹೌದು. ಅದಕ್ಕೇ ಒಂದು ಮಾತು ಹೇಳುತ್ತೇನೆ, ಯಾವ ದೇಶದ ಯಾವ ಸೇವೆಯಲ್ಲಿರುವವರಿಗಾದರೂ ಸರಿ. ಬಾಯಿ ಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಅರ್ಜಿ ಬರೆದು ಕೊಡಿ, ದಿನಾಂಕ ಹಾಕಿ ಸ್ವೀಕೃತಿ ತಗೊಳ್ಳಿ. ಇಲ್ಲ ಅಂದರೆ ಆ ಇಲ್ಲ ಅನ್ನುವುದನ್ನು ಕಾರಣದ ಸಮೇತ ಕಾಗದದಲ್ಲಿ ಕೇಳಿ. ನಿಮ್ಮದೇ ಕೆಲಸ ಮಾಡುವ ಬೇರೆಯವರು ಎಷ್ಟು ಜನ ಇದ್ದಾರೆ ಎಂದು ಅರ್ಜಿಯಲ್ಲೇ ಬರೆಯಿರಿ. ಮಾರ್ಕಿನ್ ಕೇಸು ನಿಂತದ್ದು ಆ ಪಕ್ಕದ ಕುರ್ಚಿಯ ಮೇಲೆ.

ಮಾಜಿ ಸಿಪಾಯಿ

ಮತ್ತೆ ರೋಸ್ಟರ್ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅರ್ಜಿಯನ್ನು ಮೇಲಕ್ಕೆ ಕಳಿಸಿ. ಆ ಅವಳಿ ಮಕ್ಕಳ ಅಪ್ಪನ ನಂಬರ್ ನನ್ನ ಹತ್ತಿರ ಇನ್ನೂ ಇದೆ. ಇವತ್ತು ಸಂಜೆ ಫೋನ್ ಮಾಡುತ್ತೇನೆ.